ಅಡ್ಡಸುರಂಗದ ಗಳ

ಸೆಪ್ಟೆಂಬರ್ ೧೨, ಗುರುವಾರ

ಇವತ್ತು ಸುರಂಗ ಕೊರೆಯುವವರು ಹೊಟ್ಟೆಬಾಕಿಯ ಒಳಗೆ ಪೂರ್ತಿ ಕಾಲಿಟ್ಟರು. ಹೆಸರು ಅವರದು, ಕೆಲಸಗಾರರದು. ನಕ್ಷೆಯಲ್ಲಿ ಅದು ಒಂದು ಓರೆ ಗೆರೆ, ಪಕ್ಕದಲ್ಲೊಂದು ಸಂಖ್ಯೆ: ಬೆಟ್ಟ ಯಾವ ಕಾಲದಲ್ಲೋ ಬಿರಿದು, ಜಾರಿ, ತನ್ನನ್ನೇ ತಾನು ಅರೆದುಕೊಂಡ ಜಾಗ. ಕಲ್ಲಿರಬೇಕಾದಲ್ಲಿ ಕಪ್ಪು ಜೇಡಿ ಇದೆ. ಕೈಯಲ್ಲಿ ಹಿಡಿದರೆ ಸಾಬೂನಿನ ಹಾಗೆ ಜಾರುತ್ತದೆ. ಎಷ್ಟು ಕಬ್ಬಿಣದ ಕಮಾನು ನಿಲ್ಲಿಸಿದರೂ, ಎಷ್ಟು ಕಾಂಕ್ರೀಟು ಚಿಮ್ಮಿಸಿದರೂ ತಿಂದು ಮತ್ತೆ ಬಾಯಿ ತೆರೆಯುತ್ತದೆ. ಅದಕ್ಕೇ ಆ ಹೆಸರು.

ನನ್ನ ಕೆಲಸ ಕೊರೆಯುವುದಲ್ಲ. ಕೊರೆಯುವ ಕಂಪನಿಯ ಮೇಲೆ ಕಣ್ಣಿಡಲು ನೇಮಿಸಿದ ಇನ್ನೊಂದು ಕಂಪನಿಯವನು ನಾನು. ಗೋಡೆಗಳಲ್ಲಿ ಎದುರುಬದುರಾಗಿ ಉಕ್ಕಿನ ಕೊಕ್ಕೆಗಳನ್ನು ನೆಡಿಸಿದ್ದೇನೆ. ಅವುಗಳ ನಡುವಿನ ಅಂತರವನ್ನು ದಿನವೂ ಅಳೆದು ಬೆಟ್ಟ ಎಷ್ಟು ಒಳಕ್ಕೆ ಬಂದಿದೆ ಎಂದು ನೋಡುತ್ತೇನೆ. ಸ್ವಲ್ಪ ಬರಬೇಕು. ಒಂದು ಕೂದಲೆಳೆಯಷ್ಟೂ ಬರಗೊಡದೆ ತಡೆಯುತ್ತೇನೆಂದರೆ ಯಾವ ಕಮಾನೂ ಆ ಭಾರ ಹೊರಲಾರದು. ಸ್ವಲ್ಪ ಸರಿಯಲು ಬಿಟ್ಟರೆ ಬೆಟ್ಟ ತನ್ನನ್ನು ತಾನು ಹಿಡಿದುಕೊಳ್ಳುತ್ತದೆ. ಎಲ್ಲಿಯವರೆಗೆ ಬಿಡಬೇಕು, ಎಲ್ಲಿ ಹಿಡಿಯಬೇಕು ಎಂಬುದೇ ಇಡೀ ವಿದ್ಯೆ. ಹಿಡಿಯಬೇಕಾದ ಜಾಗ ದಾಟಿತು ಅನ್ನಿಸಿದರೆ ಕೆಲಸ ನಿಲ್ಲಿಸಿ ಒಳಗಿನವರನ್ನೆಲ್ಲ ಹೊರಗೆ ಕರೆಸುವ ಅಧಿಕಾರ ನನಗಿದೆ. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಬಳಸಿಲ್ಲ.

ಇವತ್ತು ಮತ್ತೆ ಒಂದು ಕೊಕ್ಕೆಗೆ ಊಟದ ಚೀಲ ನೇತುಹಾಕಿದ್ದರು. ಹಗಲು ಪಾಳಿಯ ಮೇಸ್ತ್ರಿ ಉರ್ಬಾನೊನನ್ನು ಕರೆದು, ಇದು ಗೂಟವಲ್ಲ ಎಂದೆ.

"ಗೊತ್ತು ಇಂಜಿನಿಯರೇ. ಆದ್ರೆ ಗೂಟದ ಥರಾನೇ ಇದೆಯಲ್ಲ. ನೆಲದ ಮೇಲಿಟ್ರೆ ನೀರು, ಬಂಡೆ ಮೇಲಿಟ್ರೆ ಲಾರಿ. ನಮ್ಮ ಆರೆಪಾ ರೊಟ್ಟಿ ಎಲ್ಲಿಡೋಣ, ತಲೆ ಮೇಲಾ?"

ಹಿಂದಿದ್ದವರು ನಕ್ಕರು. ನಾನು ನಗಲಿಲ್ಲ. ನಗದಿರುವುದೂ ನನ್ನ ಕೆಲಸದ ಭಾಗವೆಂದೇ ತಿಳಿದುಕೊಂಡು ಬಂದಿದ್ದೇನೆ. ಅವರ ಜೊತೆ ಕೂತು ತಿನ್ನುವುದೂ ಇಲ್ಲ. ನನ್ನ ಊಟ ಕೋಣೆಗೇ ಬರುತ್ತದೆ.

ಸೆಪ್ಟೆಂಬರ್ ೧೬, ಸೋಮವಾರ

ಗುತ್ತಿಗೆ ಕಂಪನಿಯ ಮುಖ್ಯ ಇಂಜಿನಿಯರ್ ಸುಲ್ವಾಗ ಸಭೆ ಕರೆದಿದ್ದರು. ಪೂರ್ವದ ಕಡೆಯಿಂದ ಬರುತ್ತಿರುವ ತಂಡವೂ ಪಶ್ಚಿಮದ ನಮ್ಮ ಕಡೆಯ ತಂಡವೂ ಡಿಸೆಂಬರ್ ನಾಲ್ಕಕ್ಕೆ ಬೆಟ್ಟದೊಳಗೆ ಕೂಡಬೇಕಂತೆ. ಅಂದು ಸಂತ ಬಾರ್ಬರಾಳ ಹಬ್ಬ. ಸಿಡಿಮದ್ದಿನ ಜೊತೆ ಬದುಕುವವರಿಗೆಲ್ಲ ಅವಳೇ ತಾಯಿ. ಬೊಗೊಟಾದಿಂದ ಸಚಿವರು ಬರುತ್ತಾರೆ, ಬ್ಯಾಂಡು ಬರುತ್ತದೆ. ಮಾರನೆಯ ದಿನದಿಂದ ಕೆಲಸಗಾರರಿಗೆಲ್ಲ ಜನವರಿಯವರೆಗೆ ರಜೆ. ಉರ್ಬಾನೊ ನಾಲ್ಕು ವರ್ಷಗಳ ಮೇಲೆ ಕ್ರಿಸ್ಮಸ್‌ಗೆ ಮನೆಯಲ್ಲಿರುತ್ತಾನೆ ಎಂದು ಯಾರೋ ಹೇಳಿದರು.

ದಿನಾಂಕವನ್ನು ಹೊಟ್ಟೆಬಾಕಿಗೆ ತಿಳಿಸಿದವರು ಯಾರು ಎಂದು ಕೇಳಬೇಕೆನಿಸಿತು. ಡಿಸೆಂಬರ್ ಮಧ್ಯದಿಂದ ನಾನೂ ಬೊಗೊಟಾದ ಕಚೇರಿಗೆ ಹೋಗುತ್ತೇನೆ. ಕಿಟಕಿ ಇರುವ ಕೋಣೆ ಕೊಡುತ್ತಾರೆ. ಐವತ್ತೆರಡರ ವಯಸ್ಸಿಗೆ ಕಿಟಕಿ ಕೇಳುವುದು ಹೆಚ್ಚಲ್ಲ.

ಸೆಪ್ಟೆಂಬರ್ ೨೨, ಭಾನುವಾರ

ಮಳೆ. ಬೊಗೊಟಾದಿಂದ ತಂಗಿ ನೂಬಿಯಾ ಫೋನು ಮಾಡಿದ್ದಳು. ನನಗಾಗಿ ಒಂದು ಮನೆ ನೋಡಿದ್ದಾಳೆ, ಮೂರನೆಯ ಮಹಡಿ. ಯಾವಾಗ ಬರುತ್ತೀ ಎಂದು ತಾರೀಖು ಕೇಳುತ್ತಿದ್ದಾಳೆ. ನಾನು ಹೊಟ್ಟೆಬಾಕಿಯ ಕಾರಣ ಹೇಳಿದೆ.

"ಅಣ್ಣಾ, ನಿಂದು ಯಾವಾಗಲೂ ಇದೇ ಕಥೆ. ಎಲ್ಲಾ ಸುರಂಗಾನೂ ಒಂದೇ ತಾನೇ? ತೂತು. ಈ ಕಡೆ ಹೊಕ್ಕು ಆ ಕಡೆ ಬರೋದು."

ಫೋನಿಟ್ಟ ಮೇಲೆ ಅವಳಿಗೆ ಹೇಳಬಹುದಾಗಿದ್ದ ಉತ್ತರವನ್ನು ಮಲಗಿಕೊಂಡು ಯೋಚಿಸಿದೆ. ಅವಳ ಬೀದಿಯ ಕೆಳಗಿನ ಚರಂಡಿ ಸುರಂಗದಲ್ಲಿ ನಾನು ಮೊದಲ ಕೆಲಸ ಮಾಡಿದ್ದು. ಅದು ನಿಜವಾಗಿ ಸುರಂಗವೇ ಅಲ್ಲ. ಬೀದಿಯನ್ನು ಮೇಲಿನಿಂದ ಅಗೆದು, ಕಾಂಕ್ರೀಟಿನ ಪೆಟ್ಟಿಗೆ ಕಟ್ಟಿ, ಮತ್ತೆ ಮಣ್ಣು ಮುಚ್ಚಿದೆವು. ಅಲ್ಲಿ ಭಯ ಮೇಲಿನ ಮನೆಗಳದು, ಬಿರುಕು ಬಿಡುವ ಅಡುಗೆಮನೆಗಳದು. ಆಮೇಲೆ ಅಂತಿಯೋಕಿಯಾ ಪ್ರಾಂತ್ಯದಲ್ಲಿ ವಿದ್ಯುತ್ತಿಗಾಗಿ ನೀರು ಒಯ್ಯುವ ಸುರಂಗ. ಅದನ್ನು ಕೊರೆದದ್ದು ಯಂತ್ರ. ರೈಲಿನಷ್ಟು ಉದ್ದ, ಮುಂದೆ ಹಲ್ಲುಗಳ ಚಕ್ರ. ತಿನ್ನುತ್ತ ಹೋಗುತ್ತದೆ, ಹಿಂದೆಯೇ ಕಾಂಕ್ರೀಟಿನ ಬಳೆ ತೊಡಿಸುತ್ತ ಹೋಗುತ್ತದೆ. ಗಟ್ಟಿ ಕಲ್ಲಿದ್ದರೆ ಅದಕ್ಕೆ ಸಮನಿಲ್ಲ. ಇಲ್ಲಿ ತಂದಿದ್ದರೆ ಹೊಟ್ಟೆಬಾಕಿ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಬಿಡುತ್ತಲೇ ಇರಲಿಲ್ಲ. ಇನ್ನು ಕಡಲ ತಳದವು ಇವೆ: ದಡದಲ್ಲಿ ಕೊಳವೆ ಕಟ್ಟಿ, ತೇಲಿಸಿಕೊಂಡು ಹೋಗಿ, ತಳದಲ್ಲಿ ತೋಡಿದ ಕಾಲುವೆಯಲ್ಲಿ ಮುಳುಗಿಸಿ, ಒಂದಕ್ಕೊಂದು ಜೋಡಿಸುವುದು. ಅದನ್ನು ಚಿತ್ರದಲ್ಲಷ್ಟೇ ನೋಡಿದ್ದೇನೆ. ಅಲ್ಲಿ ಬೆಟ್ಟವೇ ಇಲ್ಲ. ಅಂಥ ಕಡೆ ಕೆಲಸ ಸಿಕ್ಕಿದ್ದರೆ ಬೇರೆ ಮನುಷ್ಯನಾಗುತ್ತಿದ್ದೆನೋ ಏನೋ.

ಅಕ್ಟೋಬರ್ ೩, ಗುರುವಾರ

ಅಡ್ಡಸುರಂಗದ ಮೂಲೆಯ ಕೊಕ್ಕೆ ಒಂದೇ ದಿನಕ್ಕೆ ಒಂಬತ್ತು ಮಿಲಿಮೀಟರು ತೋರಿಸಿತು. ಅಕ್ಕಪಕ್ಕದವು ಒಂದು, ಒಂದೂವರೆ.

ಆ ಮೂಲೆಯ ವಿಚಾರ ಬರೆದಿಡಬೇಕು. ಹಲವು ವರ್ಷಗಳ ಹಿಂದೆ ಬೆಟ್ಟದ ಒಳಗು ತಿಳಿಯಲೆಂದು ಒಂದು ಕಿರುಸುರಂಗ ಕೊರೆದಿದ್ದರು. ಅದು ಹೊಟ್ಟೆಬಾಕಿಯ ಹತ್ತಿರ ಬಂದು ನಿಂತುಹೋಗಿದೆ. ಈಗಿನ ದೊಡ್ಡ ಸುರಂಗ ಅದರ ಪಕ್ಕದಲ್ಲೇ ಸಾಗುತ್ತದೆ. ಎರಡರ ನಡುವೆ ಅಲ್ಲಲ್ಲಿ ನಾಲ್ಕು ಹೆಜ್ಜೆ ಅಗಲದ ಅಡ್ಡಸುರಂಗಗಳಿವೆ, ಬೆಂಕಿಯೋ ಕುಸಿತವೋ ಆದರೆ ತಪ್ಪಿಸಿಕೊಳ್ಳಲು. ಅವುಗಳಲ್ಲಿ ಕೊನೆಯದು ಇದು. ಕೊರೆಯುವವರು ಇದನ್ನು ದಾಟಿ ಮುಂದೆ ಹೋಗಿದ್ದಾರೆ. ಎರಡು ಸುರಂಗ ಸೇರುವ ಮೂಲೆಯಲ್ಲಿ ಬೆಟ್ಟಕ್ಕೆ ಆಸರೆ ಕಡಿಮೆ. ಆ ಮೂಲೆ ಬಿದ್ದರೆ ದೊಡ್ಡ ದಾರಿಯೂ ಹೋಯಿತು, ತಪ್ಪಿಸಿಕೊಳ್ಳುವ ದಾರಿಯೂ ಹೋಯಿತು. ಮುಂದೆ ಇರುವವರು ಮುಂದೆಯೇ ಉಳಿಯುತ್ತಾರೆ.

ಹೋಗಿ ನೋಡಿದರೆ ಕೊಕ್ಕೆಯಲ್ಲಿ ಚೀಲ. ಒಂದಲ್ಲ, ಮೂರು. ಒಂದರಲ್ಲಿ ಬೆಲ್ಲದ ನೀರು ತುಂಬಿದ ಕ್ಯಾನು. ಕೊಕ್ಕೆ ಕಣ್ಣಿಗೆ ಕಾಣುವಷ್ಟು ಬಾಗಿತ್ತು. ಬಾಗಿದ ಕೊಕ್ಕೆಯ ಅಳತೆ ಅಳತೆಯಲ್ಲ. ನಿಯಮದ ಪ್ರಕಾರ ಅದನ್ನು ಕೈಬಿಟ್ಟು, ಹೊಸ ಕೊಕ್ಕೆ ನೆಡಿಸಿ, ಸೊನ್ನೆಯಿಂದ ಶುರುಮಾಡಿದೆ.

ಅಕ್ಟೋಬರ್ ೪, ಶುಕ್ರವಾರ

ಕೊಕ್ಕೆಗಳಿಗೆ ಏನನ್ನೂ ತೂಗಹಾಕಕೂಡದು, ಹಾಕಿದವರಿಗೆ ಆ ದಿನದ ಪಾಳಿಯಿಲ್ಲ ಎಂದು ಹೇಳಿಸಿದೆ. ಗೊಣಗಿದರು. ಉರ್ಬಾನೊ ಮಾತ್ರ, ಆಗಲಿ, ಬೇರೆ ಏರ್ಪಾಡು ಮಾಡಿಕೊಳ್ಳುತ್ತೇವೆ ಎಂದ.

ಅಕ್ಟೋಬರ್ ೧೫, ಮಂಗಳವಾರ

ನಿದ್ದೆಯಿಲ್ಲ. ಮೂಗಿನಲ್ಲಿ ಸದಾ ಸಿಡಿಮದ್ದಿನ ಹೊಗೆಯ ವಾಸನೆ, ಬಟ್ಟೆ ಒಗೆದರೂ ಹೋಗದು. ಕೊರೆ, ಮದ್ದು ತುಂಬು, ಸಿಡಿಸು, ಹೊಗೆ ಹೋಗಲು ಕಾಯು, ಕಲ್ಲು ಬಾಚು, ಕಾಂಕ್ರೀಟು ಚಿಮ್ಮಿಸು, ಕಮಾನು ನಿಲ್ಲಿಸು, ಮತ್ತೆ ಕೊರೆ. ಒಳ್ಳೆಯ ಕಲ್ಲಿನಲ್ಲಿ ಪ್ರತಿ ಸುತ್ತಿನಲ್ಲಿ ಮೂರು ಮೀಟರು ಹೋಗುತ್ತಿದ್ದವರು ಇಲ್ಲಿ ಒಂದೇ ಮೀಟರು ಹೋಗುತ್ತಾರೆ, ಅದೂ ಮೇಲರ್ಧ ಮೊದಲು, ಕೆಳಗರ್ಧ ಆಮೇಲೆ. ಸುತ್ತು ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ಊಟದ ರುಚಿ ತಿಳಿಯುತ್ತಿಲ್ಲ. ಅಡುಗೆಯ ಫಾನಿಯಮ್ಮ ತಟ್ಟೆ ವಾಪಸು ಬಂದದ್ದು ನೋಡಿ ನನಗೆ ಹುಷಾರಿಲ್ಲವೇ ಎಂದು ಕೇಳಿ ಕಳಿಸಿದ್ದಾರೆ. ಹುಷಾರಾಗಿದ್ದೇನೆ ಎಂದು ಹೇಳಿ ಕಳಿಸಿದೆ.

ಅಕ್ಟೋಬರ್ ೨೪, ಗುರುವಾರ

ಅದೇ ಮೂಲೆ, ಮತ್ತೆ ಒಂಬತ್ತು. ಈ ಸಲ ಕೊಕ್ಕೆಯ ಮೇಲೆ ಯಾರದೋ ಒದ್ದೆ ಮಳೆಯಂಗಿ. ಯಾರದು ಎಂದು ಯಾರೂ ಬಾಯಿ ಬಿಡಲಿಲ್ಲ. ಒಬ್ಬ, ಬೆಟ್ಟದ್ದೇ ಇರಬೇಕು ಇಂಜಿನಿಯರೇ, ಅದಕ್ಕೂ ಚಳಿ ಅಲ್ವಾ ಎಂದ. ಅಳತೆ ಕೈಬಿಟ್ಟೆ. ಹೊಸ ಕೊಕ್ಕೆ, ಹೊಸ ಸೊನ್ನೆ. ಸುಲ್ವಾಗ ಸಹಿ ಹಾಕಿ, ಇವರಿಗೆ ಬುದ್ಧಿ ಬರುವುದಿಲ್ಲ ಬಿಡಿ ಎಂದರು. ಒಪ್ಪಿದೆ.

ನವೆಂಬರ್ ೨, ಶನಿವಾರ

ರಾತ್ರಿಯ ಮಳೆಗೆ ಶಿಬಿರದ ರಸ್ತೆ ಕೊಚ್ಚಿಹೋಗಿದೆ. ಮಧ್ಯಾಹ್ನ ಕೋಣೆಗೆ ಹೋಗಲಾಗಲಿಲ್ಲ. ಕೆಲಸಗಾರರು ಊಟ ಮಾಡುವುದು ಅದೇ ಕೊನೆಯ ಅಡ್ಡಸುರಂಗದಲ್ಲಿ; ಅಲ್ಲಿಗೇ ಹೋಗಿ ಕೂತೆ. ಅಲ್ಲಿಗೆ ಊಟದ ಹೊತ್ತಿನಲ್ಲಿ ನಾನು ಹೋದದ್ದು ಅದೇ ಮೊದಲು.

ಹಬ್ಬಕ್ಕೆಂದು ಒಳಗೆಲ್ಲ ಸುಣ್ಣ ಬಳಿದಿದ್ದಾರೆ. ಒಂದು ಗೂಡಿನಲ್ಲಿ ಸಂತ ಬಾರ್ಬರಾಳ ಪ್ರತಿಮೆ, ಮುಂದೆ ಬ್ಯಾಟರಿ ದೀಪ. ಈ ಗೋಡೆಯಿಂದ ಆ ಗೋಡೆಗೆ ತಲೆಯೆತ್ತರದಲ್ಲಿ ನೀಲಗಿರಿ ಮರದ ಒಂದು ಗಳ ಬಿಗಿದು, ಚೀಲಗಳನ್ನೆಲ್ಲ ಸಾಲಾಗಿ ತೂಗಹಾಕಿದ್ದರು. ನನ್ನ ಆಜ್ಞೆಯ ಮೇಲೆ ಮಾಡಿಕೊಂಡ ಏರ್ಪಾಡು. ಮೊಳೆಯಿಲ್ಲ, ಕಂಬವಿಲ್ಲ, ಎರಡು ಗೋಡೆಗಳ ನಡುವೆ ಹೊಡೆದು ಕೂರಿಸಿದ್ದಾರೆ.

ಯಾರೂ ಮಾತಾಡಲಿಲ್ಲ. ನಾನು ಬಂದದ್ದರಿಂದ ಎಂದು ತಿಳಿದೆ. ಸತ್ತವರನ್ನು ನೆನೆಯುವ ದಿನವೆಂದು ಆಮೇಲೆ ನೆನಪಾಯಿತು. ಉರ್ಬಾನೊ ತನ್ನ ಡಬ್ಬಿಯ ಕಾಳಿನ ಸಾರಿನಲ್ಲಿ ಅರ್ಧ ನನ್ನ ಮುಂದಿಟ್ಟ. ಬೇಡವೆನ್ನಲು ಆಗಲಿಲ್ಲ. ಖಾಲಿ ಮಾಡಿದೆ.

ನವೆಂಬರ್ ೮, ಶುಕ್ರವಾರ

ರಸ್ತೆ ಸರಿಯಾಗಿದ್ದರೂ ಊಟ ಒಳಗೇ ಮಾಡಿದೆ. ಹೋಗಿ ಬರುವುದು ದಂಡ.

ಗಳ ನಡುವೆ ಬಿಲ್ಲಿನ ಹಾಗೆ ಬಾಗಿತ್ತು. ಒಬ್ಬ ಅದನ್ನು ನೋಡಿ, ಚೀಲಗಳಲ್ಲಿ ಏನು ತುಂಬಿಕೊಂಡು ಬರುತ್ತೀರಿ, ಹೆಂಡತಿಯರನ್ನಾ ಎಂದ. ಉರ್ಬಾನೊ ಗರಗಸ ತರಲು ಹೇಳಿದ.

"ಭಾರಕ್ಕಲ್ಲ ಕಣಯ್ಯಾ. ಒಳಗಿನ ತೇವಕ್ಕೆ ಗಳ ಊದ್ಕೊಳತ್ತೆ. ಎರಡು ಸಲ ಕುಯ್ದಾಯ್ತು. ಒಂದ್ಸಲ ಎರಡು ಬೆರಳು, ಇನ್ನೊಂದ್ಸಲ ಮೂರು."

ನಾನು ಚಮಚ ಕೆಳಗಿಟ್ಟೆ ಅಂತ ಕಾಣುತ್ತದೆ. ಮಳೆಗಾಲದಲ್ಲಿ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವುದು ಅಡ್ಡಕ್ಕೆ. ಮರ ಊದುವುದು ದಪ್ಪಕ್ಕೆ. ಉದ್ದಕ್ಕೆ ಊದಿದ ಗಳವನ್ನು ನಾನು ಕಂಡಿಲ್ಲ. ಹಾಗಾದರೆ ಗೋಡೆಗಳೇ ಹತ್ತಿರ ಬಂದಿವೆ. ಇವರಲ್ಲಿ ಯಾರೂ ಕಂಡಿರಲಾರರು, ಯೋಚಿಸಿದ್ದರೆ. ನಾನೂ ಯೋಚಿಸಿದವನಲ್ಲ. ಅವರಿಗೆ ತೇವದ ನೆಪ ಸಿಕ್ಕಿತ್ತು, ನನಗೆ ಚೀಲದ ನೆಪ ಸಿಕ್ಕಿತ್ತು.

ಕಿಸೆಯ ಚಾಕುವಿನಿಂದ ಗಳದ ತುದಿಯ ಹತ್ತಿರ ಸುಣ್ಣ ಕೆರೆದೆ. ಕೆಳಗೆ ಕಾಂಕ್ರೀಟಿನಲ್ಲಿ ನೆಲದಿಂದ ಭುಜದವರೆಗೆ ಬಿರುಕು, ಉಗುರು ಹೋಗುವಷ್ಟು. ಎದುರು ಗೋಡೆಯಲ್ಲೂ. ಮೊದಲೇ ಇತ್ತು, ನೋಡಲು ಚೆನ್ನಾಗಿಲ್ಲವೆಂದು ಮಿಕ್ಕ ಕಾಂಕ್ರೀಟು ಮೆತ್ತಿ ಸುಣ್ಣ ಹೊಡೆದೆವು ಎಂದರು. ಸಂತಳ ಮನೆಯಲ್ಲವೇ.

ಅಡ್ಡಸುರಂಗದೊಳಗೆ ನನ್ನ ಕೊಕ್ಕೆಗಳಿಲ್ಲ. ಸಣ್ಣ ತೂತು ತಾನಾಗಿಯೇ ನಿಲ್ಲುತ್ತದೆ ಎಂಬ ನಂಬಿಕೆಯ ಮೇಲೆ ಬೊಗೊಟಾದಲ್ಲಿ ನಕ್ಷೆ ಮಾಡಿದವರು ಅದಕ್ಕೆ ತೆಳುವಾದ ಕಾಂಕ್ರೀಟು ಮಾತ್ರ ಬರೆದಿದ್ದಾರೆ. ಕಮಾನಿಲ್ಲ. ನೆಲದಲ್ಲಿ ತಲೆಕೆಳಗಾದ ಕಮಾನೂ ಇಲ್ಲ. ನೆಲ ತೆರೆದಿರುವವರೆಗೆ ಗೋಡೆಗಳ ಪಾದ ಒಳಕ್ಕೆ ಜಾರಲು ಅಡ್ಡಿಯೇನಿದೆ? ಒಳ್ಳೆಯ ಕಲ್ಲಿನಲ್ಲಿ ಅದು ಸಾಕು. ಇಲ್ಲಿ ಕಲ್ಲೇ ಇಲ್ಲ.

ಕೈಬಿಟ್ಟ ಎರಡು ಅಳತೆಗಳನ್ನು ಮತ್ತೆ ಸೇರಿಸಿ ಗೆರೆ ಎಳೆದೆ. ಗೆರೆ ಎಲ್ಲಿಯೂ ಮಟ್ಟವಾಗುವುದಿಲ್ಲ: ಬೆಟ್ಟ ಒಳಕ್ಕೆ ಬರುವುದು ನಿಂತೇ ಇಲ್ಲ.

ಸಂಜೆ ಸುಲ್ವಾಗರ ಬಳಿ ಹೋಗಿ, ಕೊರೆತ ನಿಲ್ಲಬೇಕು, ಮುಂದಿರುವವರು ಹೊರಗೆ ಬರಬೇಕು, ಅಡ್ಡಸುರಂಗಕ್ಕೂ ಮೂಲೆಗೂ ಕಮಾನು ಹಾಕಿ ನೆಲ ಮುಚ್ಚುವವರೆಗೆ ಯಾರೂ ದಾಟಬಾರದು ಎಂದೆ. ಅವರು ಕೆಟ್ಟ ಮನುಷ್ಯರಲ್ಲ. ಅವರ ಮೇಜಿನ ಮೇಲೆ ಸಚಿವರ ಭೇಟಿಯ ಏರ್ಪಾಡಿನ ಹಾಳೆಗಳಿದ್ದವು.

"ಒಕ್ತಾವಿಯೊ, ನೀವೇ ಎರಡು ಸಲ ಬಂದು ಈ ಅಳತೆ ತಪ್ಪು ಅಂದ್ರಿ. ನಾನು ಸಹಿ ಹಾಕ್ದೆ. ಈಗ ಚೀಲ ತೂಗಹಾಕೋ ಗಳ ಬಾಗಿದೆ, ಅದಕ್ಕೆ ಸುರಂಗ ನಿಲ್ಲಿಸಿದೀವಿ ಅಂತ ಬೊಗೊಟಾಗೆ ಹೇಳ್ಲಾ?"

"ಹೇಳಿ."

"ನಗ್ತಾರೆ."

"ನಗಲಿ. ಜನ ಹೊರಗೆ ಬರಲಿ ಮೊದಲು."

"ಇನ್ನೊಂದು ವಾರ ನೋಡೋಣ. ಒಳಗೆ ಕೊಕ್ಕೆ ಹಾಕಿಸಿ, ಅಳೀರಿ. ಅಂಕಿ ಬರಲಿ, ಆಮೇಲೆ ನಾನೇ ನಿಲ್ಲಿಸ್ತೀನಿ."

ಅಂಕಿ ಬರುವವರೆಗೆ ಕಾಯುವುದು ನಾನು ಈ ವೃತ್ತಿಯಲ್ಲಿ ಮಾಡಿಕೊಂಡು ಬಂದ ಕೆಲಸವೇ. ಅವರ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಆದರೂ ಕೆಲಸ ನಿಲ್ಲಿಸುವ ಆದೇಶಕ್ಕೆ ಸಹಿ ಹಾಕಿದೆ.

ನವೆಂಬರ್ ೧೧, ಸೋಮವಾರ

ಎಲ್ಲರೂ ಹೊರಗಿದ್ದಾರೆ. ಗಾಳಿ ಊದುವ ಯಂತ್ರದ ಸದ್ದು ಮಾತ್ರ ಒಳಗಿನಿಂದ ಬರುತ್ತದೆ. ಸುರಂಗದ ಬಾಯಲ್ಲಿ ಗುಂಪು ಗುಂಪಾಗಿ ನಿಂತು ನನ್ನನ್ನು ನೋಡುತ್ತಾರೆ. ದಿನಾಂಕ ತಪ್ಪಿತು ಎಂದು ಸುಲ್ವಾಗ ಅವರಿಗೆ ಹೇಳಿದ್ದಾರೆ. ರಜೆಯೂ ಇಲ್ಲ. ಕೂಡುವುದು ಯಾವಾಗಲೋ, ರಜೆ ಆಮೇಲೆ.

ಹಿಂದಿನಿಂದ ಯಾರೋ, ಕಿಟಕಿ ಪಕ್ಕ ಕೂರೋಕೆ ಹೋಗೋರಿಗೆ ನಮ್ಮ ಕ್ರಿಸ್ಮಸ್ ಯಾಕೆ ಬೇಕು ಎಂದ. ಕಿಟಕಿಯ ವಿಷಯ ಅವರಿಗೆ ಹೇಗೆ ಗೊತ್ತಾಯಿತು?

ನವೆಂಬರ್ ೧೩, ಬುಧವಾರ

ಬೊಗೊಟಾ ಆದೇಶವನ್ನು ಒಪ್ಪಿದೆ. ಒಪ್ಪಿದ ರೀತಿ ಹಿತವಾಗಿರಲಿಲ್ಲ.

ಅಡ್ಡಸುರಂಗಕ್ಕೆ ಹೋಗಿ ದುರಸ್ತಿ ಶುರುಮಾಡಬೇಕು. ಯಾರು ಹೋಗುತ್ತಾರೆ ಎಂದು ಕೇಳಿದಾಗ ಯಾರೂ ಅಲುಗಲಿಲ್ಲ. ಬೀಳುತ್ತದೆ ಎಂದವನು ನಾನೇ ತಾನೇ. ಹೆಲ್ಮೆಟ್ಟು ಹಾಕಿಕೊಂಡು ಒಳಗೆ ಹೋದೆ. ಧೈರ್ಯವೇನಲ್ಲ, ಅಲ್ಲಿ ನಿಂತಿರುವುದು ಅದಕ್ಕಿಂತ ಕಷ್ಟವಾಗಿತ್ತು. ಸ್ವಲ್ಪ ದೂರ ಹೋದ ಮೇಲೆ ಹಿಂದೆ ಬೂಟುಗಳ ಸದ್ದು ಕೇಳಿಸಿತು. ಉರ್ಬಾನೊ ಮತ್ತು ಅವನ ಪಾಳಿ. ಅವನು ಮುಖ ಗಂಟಿಕ್ಕಿಕೊಂಡಿದ್ದ.

"ಕಮಾನು ನಿಮ್ಮ ಕೈಲಿ ಎತ್ತೋಕಾಗಲ್ಲ," ಎಂದ. ಅಷ್ಟೇ.

ನವೆಂಬರ್ ೨೦, ಬುಧವಾರ

ಮೊದಲು ಮರದ ದಿಮ್ಮಿಗಳ ಆಸರೆ ಕೊಟ್ಟು ನಿಲ್ಲಿಸಿ, ಆಮೇಲೆ ಒಂದು ತುದಿಯಿಂದ ಕಬ್ಬಿಣದ ಕಮಾನು. ಒಂದು ಕಮಾನು ನಿಂತು, ಅದರ ಹಿಂದೆ ಕಾಂಕ್ರೀಟು ತುಂಬಿದ ಮೇಲಷ್ಟೇ ಮುಂದಿನದು. ಆಮೇಲೆ ನೆಲ ಅಗೆದು, ಅಲ್ಲಿಯೂ ಬಾಗಿದ ಕಬ್ಬಿಣ ಕೂರಿಸಿ, ಮೇಲಿನ ಕಮಾನಿನ ಕಾಲಿಗೆ ಜೋಡಿಸಿ, ಕಾಂಕ್ರೀಟು. ಸುತ್ತು ಪೂರ್ತಿಯಾಗಬೇಕು. ಬಳೆ ಮುಚ್ಚಿಕೊಂಡರೆ ಮಾತ್ರ ಬಳೆ.

ನೆಲ ಅಗೆಯುವಾಗ ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದರು. ಕೆಳಗಿನ ಜೇಡಿ ಗುದ್ದಲಿ ಎತ್ತಿದ ಮೇಲೆ ನಿಧಾನವಾಗಿ ಉಬ್ಬಿ ಬರುತ್ತಿತ್ತು, ಹಿಟ್ಟಿನ ಹಾಗೆ. ಒಬ್ಬ ಶಿಲುಬೆಯ ಗುರುತು ಮಾಡಿಕೊಂಡ. ಉರ್ಬಾನೊ ಅದನ್ನು ಬಹಳ ಹೊತ್ತು ನೋಡಿದ, ನನ್ನನ್ನು ನೋಡಲಿಲ್ಲ. ಇಂದು ಮೂರು ಕಮಾನು ನಿಲ್ಲಿಸಿದೆವು.

ನೂಬಿಯಾ ಎರಡು ಸಲ ಕರೆ ಮಾಡಿದ್ದಾಳೆ. ಕಾಂಕ್ರೀಟಿನ ಲಾರಿ ಬಂದಿತ್ತು.

ಡಿಸೆಂಬರ್ ೪, ಬುಧವಾರ

ಸಂತ ಬಾರ್ಬರಾ. ಪ್ರತಿಮೆಯನ್ನು ಹೊರಗೆ ತಂದು ಸುರಂಗದ ಬಾಯಲ್ಲಿ ಪೂಜೆ ನಡೆಸಿದರು. ಪಾದ್ರಿ ಬೇಗ ಮುಗಿಸಿದರು. ಸಚಿವರು ಬರಲಿಲ್ಲ, ಬ್ಯಾಂಡು ಬರಲಿಲ್ಲ. ಆದರೆ ಇಡೀ ಹಂದಿಯೊಳಗೆ ಅನ್ನ ತುಂಬಿ ಬೇಯಿಸಿದ ಲೆಚೋನಾ ಬಂತು. ಅದನ್ನು ಬೇಡವೆಂದು ಹೇಳಲು ಎಲ್ಲರೂ ಮರೆತಿದ್ದರು. ಮಳೆಯಲ್ಲಿ ತಗಡಿನ ಸೂರಿನ ಕೆಳಗೆ ನಿಂತು ತಿಂದೆವು. ಹಾಡಿಲ್ಲ, ಪಟಾಕಿಯಿಲ್ಲ.

ಉರ್ಬಾನೊ ಒಂದು ತಟ್ಟೆ ತಂದು ನನ್ನ ಕೈಗಿಟ್ಟ.

"ತಿನ್ನಿ. ಸಚಿವರ ಪಾಲು."

ಪಕ್ಕದಲ್ಲೇ ನಿಂತ. ನನ್ನ ಕಡೆ ತಿರುಗದೆ ಮಾತಾಡಿದ.

"ನಿನ್ನೆ ಮಗಳಿಗೆ ಫೋನು ಮಾಡಿ ಬರಲ್ಲ ಅಂದೆ. ಬೆಟ್ಟ ಬಿತ್ತಾಪ್ಪಾ ಅಂದ್ಲು. ಇಲ್ಲಮ್ಮಾ ಬಿದ್ದಿಲ್ಲ ಅಂದೆ. ಮತ್ತೆ ಯಾಕೆ ಬರಲ್ಲ ಅಂದ್ಲು. ನಂಗೆ ಹೇಳೋಕೆ ಏನೂ ಹೊಳೀಲಿಲ್ಲ, ಇಂಜಿನಿಯರೇ. ನಿಮಗೇನಾದ್ರೂ ಹೊಳೆದ್ರೆ ಹೇಳಿ."

ಅಗಿಯುತ್ತಲೇ ಇದ್ದೆ. ಹಂದಿಯ ಚರ್ಮ ಗರಿಗರಿಯಾಗಿತ್ತು.

ಡಿಸೆಂಬರ್ ೭, ಶನಿವಾರ

ಮೇಣದಬತ್ತಿಗಳ ರಾತ್ರಿ. ಶಿಬಿರದ ದಾರಿಯುದ್ದಕ್ಕೂ ಹಚ್ಚಿಟ್ಟಿದ್ದಾರೆ. ಗಾಳಿಗೆ ಅರ್ಧ ಆರಿವೆ. ಫಾನಿಯಮ್ಮ ನನ್ನ ಬಾಗಿಲ ಮುಂದೆಯೂ ಒಂದು ಇಟ್ಟು ಹೋಗಿದ್ದಾರೆ.

ಡಿಸೆಂಬರ್ ೧೮, ಬುಧವಾರ

ಬಳೆ ಮುಚ್ಚಿಕೊಂಡಿತು. ಅಡ್ಡಸುರಂಗದಲ್ಲಿ ನೆಡಿಸಿದ ಕೊಕ್ಕೆಗಳು ಐದು ದಿನದಿಂದ ಒಂದೇ ಅಂಕಿ ತೋರಿಸುತ್ತಿವೆ. ಕೊರೆತ ಮತ್ತೆ ಶುರುವಾಗಿದೆ.

ಬೊಗೊಟಾದಿಂದ ಒಬ್ಬ ತಜ್ಞರು ಬಂದು ನೋಡಿದರು. ಗೆರೆಯನ್ನು ಬಹಳ ಹೊತ್ತು ದಿಟ್ಟಿಸಿ, ನಿಲ್ಲಿಸದಿದ್ದರೆ ಬೀಳುತ್ತಿತ್ತು ಎಂದು ಹೇಳಲಾಗದು, ಬೀಳುತ್ತಿರಲಿಲ್ಲ ಎಂದೂ ಹೇಳಲಾಗದು ಎಂದರು. ವಿನಯದಿಂದಲೇ ಹೇಳಿದರು. ಬಿದ್ದ ಸುರಂಗಗಳ ಬಗ್ಗೆ ಪುಸ್ತಕಗಳಿವೆ, ಅವುಗಳಿಂದಲೇ ನಾನು ಕಲಿತದ್ದು. ಬೀಳದಿದ್ದವುಗಳ ಬಗ್ಗೆ ಯಾರು ಏನು ಬರೆಯುತ್ತಾರೆ? ಸುಲ್ವಾಗ ಅವರನ್ನು ಕಾರಿನವರೆಗೆ ಬಿಟ್ಟು ಬಂದು, ಈಗಾಗಲೇ ಆರು ವಾರ ಹೋ... ಎಂದು ಶುರುಮಾಡಿ, ಬಿಡಿ ಎಂದು ನಿಲ್ಲಿಸಿದರು.

ಮುಂದಿನ ಕಮಾನುಗಳನ್ನು ಇನ್ನೂ ಹತ್ತಿರ ಹತ್ತಿರ ಇಡಬೇಕು. ಅದರ ಚಿತ್ರ ಬರೆಯಬೇಕು. ಯಾವಾಗ ಬರುತ್ತೇನೆಂದು ಬೊಗೊಟಾದ ಕಚೇರಿಯವರಿಗೆ ಏನಾದರೂ ಒಂದು ಉತ್ತರ ಹೇಳಬೇಕು, ನಾಳೆ.

ಡಿಸೆಂಬರ್ ೨೫, ಬುಧವಾರ

ಕೆಲಸವಿತ್ತು. ಎರಡು ಮೀಟರು.

ಜನವರಿ ೯, ಗುರುವಾರ

ಹೊಟ್ಟೆಬಾಕಿ ಮುಗಿಯಿತು. ಬೆಳಗಿನ ಸ್ಫೋಟದ ಹೊಗೆ ಹೋದ ಮೇಲೆ ನೋಡಿದರೆ ಮುಂದೆ ಬೂದು ಕಲ್ಲು, ಗೆರೆಗೆರೆಯಾಗಿ, ಒಣದು. ಸುತ್ತಿಗೆಯಿಂದ ಬಡಿದರೆ ಗಂಟೆಯ ಹಾಗೆ ನುಡಿಯುತ್ತದೆ. ಸರದಿಯ ಮೇಲೆ ಎಲ್ಲರೂ ಬಡಿದರು. ಸುತ್ತಿಗೆ ನನ್ನ ಕೈಗೂ ಬಂತು. ಊಟದ ಹೊತ್ತಿಗೆ ಉರ್ಬಾನೊ ನನ್ನ ಚೀಲವನ್ನು ತಾನೇ ತೆಗೆದುಕೊಂಡು ಹೋಗಿ ತಮ್ಮವುಗಳ ಸಾಲಿನಲ್ಲಿಟ್ಟ. ಚೀಲದಲ್ಲಿ ಏನಿದೆ ಎಂದು ಮೂಸಿ ನೋಡಿ, ಫಾನಿಯಮ್ಮನಿಗೆ ನಿಮ್ಮ ಮೇಲೆ ಮಮತೆ ಜಾಸ್ತಿ, ನಮಗೆ ಮೊಟ್ಟೆ ಹಾಕಲ್ಲ ಎಂದ. ಅರ್ಧ ಮೊಟ್ಟೆ ಅವನಿಗೆ ಹೋಯಿತು.

ಜನವರಿ ೨೩, ಗುರುವಾರ

ಪೂರ್ವದ ತಂಡ ನಿನ್ನೆಯಿಂದ ತಮ್ಮ ಕೊರೆತ ನಿಲ್ಲಿಸಿ ಹಿಂದೆ ಸರಿದು ಕಾಯುತ್ತಿತ್ತು. ಕೊನೆಯ ಕೆಲವು ಮೀಟರುಗಳಲ್ಲಿ ಒಂದೇ ಕಡೆಯಿಂದ ಹೋಗಬೇಕು. ಇಲ್ಲದಿದ್ದರೆ ಒಬ್ಬರ ಸಿಡಿಮದ್ದು ಇನ್ನೊಬ್ಬರ ಮುಖಕ್ಕೆ. ಮಧ್ಯಾಹ್ನ ಎಷ್ಟು ದಪ್ಪ ಉಳಿದಿದೆಯೆಂದು ತಿಳಿಯಲು ಉದ್ದದ ಕೊರೆಗೋಲು ಹಾಕಿದೆವು. ಹಾಕುತ್ತಿದ್ದಂತೆ ಸದ್ದು ಬದಲಾಯಿತು, ಗೋಲು ತಟ್ಟನೆ ಹಗುರವಾಗಿ ಮುಂದಕ್ಕೆ ಹೋಯಿತು. ಉರ್ಬಾನೊ ಯಂತ್ರ ನಿಲ್ಲಿಸಿ ಗೋಲು ಹಿಂದೆ ಎಳೆದ.

ಮುಷ್ಟಿ ಹಿಡಿಯುವಷ್ಟು ತೂತು. ಅದರಿಂದ ಗಾಳಿ ಬಂತು. ತಣ್ಣಗಿತ್ತು, ಬೇರೆ ಮಣ್ಣಿನ ವಾಸನೆಯಿತ್ತು. ಸುಲ್ವಾಗ ಊರಿನಲ್ಲಿರಲಿಲ್ಲ.

ಆ ಕಡೆಯಿಂದ ಹೆಜ್ಜೆಗಳು ಬಂದವು, ದೀಪ ಬಂತು, ತೂತಿನ ಹತ್ತಿರ ಯಾರೋ ಬಾಯಿಟ್ಟು ಕೇಳಿದರು:

"ಎಲ್ಲಾ ಇದೀರೇನ್ರಪ್ಪಾ?"

ಇದು ಗಣಿ ಕೆಲಸದವರ ಪದ್ಧತಿ. ಎರಡು ಕೊರೆತ ಕೂಡಿದಾಗ ನಮಸ್ಕಾರಕ್ಕಿಂತ ಮೊದಲು ಈ ಪ್ರಶ್ನೆ ಕೇಳಬೇಕು. ಈ ಕಡೆಯ ಜನಕ್ಕೆ ಜವಾಬ್ದಾರನಾದವನು ಉತ್ತರ ಹೇಳುವವರೆಗೆ ಆ ಕಡೆಯವರು ಕಲ್ಲು ಮುಟ್ಟುವುದಿಲ್ಲ. ಉರ್ಬಾನೊ ತೂತಿನ ಮುಂದಿನಿಂದ ಪಕ್ಕಕ್ಕೆ ಸರಿದು ನನ್ನ ಕಡೆ ತಿರುಗಿದ.

"ನಾನು ಮೇಸ್ತ್ರಿ ಅಲ್ಲ," ಎಂದೆ.

"ಗೊತ್ತು. ಹೇಳಿ ಇಂಜಿನಿಯರೇ, ಕಾಯ್ತಿದಾರೆ."

ಹಿಂದಕ್ಕೆ ನೋಡಿದೆ. ಹೆಲ್ಮೆಟ್ಟಿನ ದೀಪಗಳಿಂದಾಗಿ ಮುಖಗಳು ಸರಿಯಾಗಿ ಕಾಣಲಿಲ್ಲ. ಒಬ್ಬೊಬ್ಬನನ್ನೇ ಹುಡುಕಿ ನೋಡಬೇಕಾಯಿತು. ಅಷ್ಟು ಹೊತ್ತೂ ಆ ಕಡೆಯವರು ಕಾದರು. ಆಮೇಲೆ ಬಗ್ಗಿ ತೂತಿಗೆ ಬಾಯಿಟ್ಟೆ.

"ಎಲ್ಲಾ ಇದೀವಿ."

ಕಲ್ಲಿನ ಪುಡಿ ಬಾಯಿಗೆ ಹೋಯಿತು. ಆ ಕಡೆ ಸುತ್ತಿಗೆ ಬೀಳತೊಡಗಿತು.